ನಾಲ್ಕು ಪ್ಲಸ್ ಅಂದ್ರೆ ನಾಲ್ಕು ರೋಗ ಅಲ್ಲ

ಗುಂಪು: ತೀರ್ಥಹಳ್ಳಿ ಮನೆಮಂದಿ

ದೊಡ್ಡಪ್ಪ: (ಫಾರ್ವರ್ಡ್) ಎಚ್ಚರ! ಹಾಸಿಗೆಯ ಧೂಳು ನುಸಿ ಅಲರ್ಜಿ ಇರುವವರು ಸಿಗಡಿ, ಏಡಿ ಮುಟ್ಟಿದರೆ ಉಸಿರು ನಿಲ್ಲುತ್ತದೆ. ಒಂದು ನುಸಿ ಆಗದವರಿಗೆ ಯಾವ ನುಸಿಯೂ ಆಗುವುದಿಲ್ಲ. ಬೇವಿನ ಹೊಗೆ ಒಂದೇ ಮದ್ದು. ಎಲ್ಲರಿಗೂ ಕಳಿಸಿ.

ದೊಡ್ಡಪ್ಪ: ಪುಟ್ಟನ ಅಲರ್ಜಿ ಟೆಸ್ಟ್ ರಿಪೋರ್ಟಿಗೆ ಸರಿಯಾಗಿ ಹೊಂದುತ್ತದೆ, ಅದಕ್ಕೇ ಹಾಕಿದೆ. ನಾಲ್ಕಕ್ಕೆ ಪ್ಲಸ್ ಬಂದಿದೆ ಅಲ್ವಾ?

ತಂಗಿ: ಹೌದು ದೊಡ್ಡಪ್ಪ. ಡರ್ಮಟೊಫಗಾಯ್ಡಿಸ್ ಟೆರೊನಿಸಿನಸ್, ಡರ್ಮಟೊಫಗಾಯ್ಡಿಸ್ ಫ್ಯಾರಿನೇ, ಬ್ಲೋಮಿಯಾ ಟ್ರಾಪಿಕಾಲಿಸ್, ಆಮೇಲೆ ಸಿಗಡಿ. ಒಂದೇ ಮಗುವಿಗೆ ನಾಲ್ಕು ಅಲರ್ಜಿ. ರಾತ್ರಿ ನಿದ್ದೆ ಬರಲಿಲ್ಲ ನಂಗೆ.

ಬೆಂಗಳೂರು ಭಾವ: ದುಡ್ಡು ಹೊಡೆಯುವ ಟೆಸ್ಟ್ ಅಷ್ಟೇ. ಗೂಗಲ್ ಮಾಡಿ ನೋಡಿದೆ. ಮೊದಲನೇದು ಯುರೋಪಿನ ನುಸಿ, ಎರಡನೇದು ಅಮೆರಿಕದ ನುಸಿ. ಹುಡುಗ ಆಗುಂಬೆ ಘಾಟಿ ಇಳಿದವನೂ ಅಲ್ಲ. ಅವನಿಗೆ ಅಮೆರಿಕದ ನುಸಿ ಎಲ್ಲಿ ಸಿಕ್ಕಿತು?

ನಾನು: ಭಾವ, ಅದು ಬರೀ ಹೆಸರು. ಆ ಎರಡೂ ಪ್ರಪಂಚದ ಎಲ್ಲಾ ಕಡೆ ಇವೆ. ಮೂರನೇದಾದ ಬ್ಲೋಮಿಯಾ ಬಿಸಿ, ತೇವ ಎರಡೂ ಇರುವ ನಮ್ಮಂಥ ಸೀಮೆಯದ್ದು. ಅದೂ ಭಾರತದ ಮನೆ ಧೂಳಿನಲ್ಲಿ ಸಿಕ್ಕಿದೆ. ಮನೆ ಧೂಳಿನ ಅಲರ್ಜಿಗೆ ಈ ನುಸಿಗಳೇ ಕಾರಣ ಅಂತ ಹಾಲೆಂಡಿನ ಲೈಡನ್‌ನಲ್ಲಿ ವೂರ್‌ಹೋರ್ಸ್ಟ್, ಸ್ಪೀಕ್ಸ್ಮಾ ಮತ್ತು ಜೊತೆಗಾರರು ತೋರಿಸಿದ್ದು 1964ರ ಹೊತ್ತಿಗೆ. ತೇವ ಜಾಸ್ತಿ ಇರುವ ಮನೆಯಲ್ಲಿ ನುಸಿಯೂ ಜಾಸ್ತಿ ಅಂತ ಅವರು ಆಗಲೇ ಗಮನಿಸಿದ್ದರು. ನುಸಿ ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರಿಕೊಳ್ಳುತ್ತದೆ. ಗಾಳಿಯ ತೇವಾಂಶ ಶೇ. 50ಕ್ಕಿಂತ ಕೆಳಗೇ ಇದ್ದರೆ ಒಣಗಿ ಸಾಯುತ್ತದೆ. ನಮ್ಮ ಜೂನ್, ಜುಲೈಯಲ್ಲಿ ಅದು ಸಾಧ್ಯವಾ ಹೇಳಿ. ಚಪ್ಪಲಿಗೂ ಬೂಷ್ಟು ಹಿಡಿಯುವ ಊರು ನಮ್ಮದು.

ಸಾಗರದ ಅತ್ತೆ: ನುಸಿ ಅಂದ್ರೆ ಉಣುಗಿನ ಜಾತಿಯಂತೆ, ಹೌದಾ? ಮಂಗನ ಕಾಯಿಲೆ ಏನಾದ್ರೂ ಬಂದರೆ?

ನಾನು: ಇಲ್ಲ ಅತ್ತೆ, ಆ ಭಯ ಬೇಡ. ಎರಡಕ್ಕೂ ಎಂಟು ಕಾಲು, ದೂರದ ಸಂಬಂಧ, ಅಷ್ಟೇ. ಧೂಳು ನುಸಿ ಕಚ್ಚುವುದಿಲ್ಲ, ರಕ್ತ ಕುಡಿಯುವುದಿಲ್ಲ. ನಮ್ಮ ಮೈಯಿಂದ ಉದುರಿದ ಚರ್ಮದ ಹೊಟ್ಟು ತಿಂದು ಬದುಕುತ್ತದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಂಡ ಮಂಗನ ಕಾಯಿಲೆ ವೈರಸ್‌ನಿಂದ ಬರುವುದು, ಉಣುಗು ಕಚ್ಚಿ ಹರಡುವುದು. ಅದೇ ಬೇರೆ, ಇದೇ ಬೇರೆ.

ದೊಡ್ಡಪ್ಪ: ಮೂರು ನುಸಿಗೂ ಪ್ಲಸ್ ಬಂದ ಮೇಲೆ ಫಾರ್ವರ್ಡ್ ಹೇಳಿದ್ದು ಸರಿ ಅಂತಲೇ ಆಯ್ತಲ್ಲ. ಒಂದು ಆಗದಿದ್ದರೆ ಎಲ್ಲವೂ ಆಗುವುದಿಲ್ಲ.

ನಾನು: ಅರ್ಧ ಸರಿ ದೊಡ್ಡಪ್ಪ. ಆ ಅರ್ಧದಲ್ಲೇ ತೊಂದರೆ ಇರುವುದು. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಓದಿ.

ನಾನು: ನುಸಿಯ ಹಿಕ್ಕೆಯಲ್ಲಿ, ಮೈಯಲ್ಲಿ ಕೆಲವು ಪ್ರೋಟೀನ್ ಇವೆ. ಪುಟ್ಟನ ರಕ್ತದಲ್ಲಿ ಅವಕ್ಕೆ ಅಂಟಿಕೊಳ್ಳುವ ಐಜಿಇ ಅನ್ನೋ ಪ್ರತಿಕಾಯ ತಯಾರಾಗಿದೆ. ಅದು ಇಡೀ ನುಸಿಯನ್ನು ನೋಡುವುದಿಲ್ಲ, ಪ್ರೋಟೀನಿನ ಆಕಾರದ ಒಂದು ತುಣುಕನ್ನು ಗುರುತಿಸುತ್ತದೆ. ಟೆರೊನಿಸಿನಸ್‌ನ ಡರ್ ಪಿ 1 ಅನ್ನೋ ಪ್ರೋಟೀನ್, ಫ್ಯಾರಿನೇಯ ಡರ್ ಎಫ್ 1 ಅನ್ನೋ ಪ್ರೋಟೀನ್ ಸುಮಾರು ಶೇ. 80ರಷ್ಟು ಒಂದೇ. ಫೋನಿನಲ್ಲಿ ಅಣ್ಣ ಮಾತಾಡಿದರೂ ತಮ್ಮ ಮಾತಾಡಿದರೂ ನಮಗೆ ಒಂದೇ ದನಿ ಕೇಳಿಸುತ್ತದಲ್ಲ, ಹಾಗೆ. ಒಂದಕ್ಕೆ ತಯಾರಾದ ಪ್ರತಿಕಾಯ ಇನ್ನೊಂದಕ್ಕೂ ಅಂಟುತ್ತದೆ. ಇದಕ್ಕೆ ಕ್ರಾಸ್ ರಿಯಾಕ್ಷನ್ ಅನ್ನುತ್ತಾರೆ. ಹಾಗಾಗಿ ಮೊದಲ ಎರಡು ಪ್ಲಸ್ ಅನ್ನು ಎರಡು ಅಲರ್ಜಿ ಅಂತ ಲೆಕ್ಕ ಹಾಕಬೇಡಿ.

ನಾನು: ಬ್ಲೋಮಿಯಾ ಹಾಗಲ್ಲ. ಅದು ಬೇರೆ ಕುಟುಂಬದ ನುಸಿ. ಅದರ ಮುಖ್ಯ ಅಲರ್ಜಿ ಪ್ರೋಟೀನ್ ಬ್ಲೋ ಟಿ 5. ಟೆರೊನಿಸಿನಸ್‌ನಲ್ಲಿ ಅದಕ್ಕೆ ಸಾಟಿಯಾದದ್ದು ಡರ್ ಪಿ 5. ಎರಡರ ಹೋಲಿಕೆ ಅರ್ಧಕ್ಕಿಂತಲೂ ಕಮ್ಮಿ. ಅದಕ್ಕೇ ಬ್ಲೋಮಿಯಾ ಪ್ಲಸ್ ಅನ್ನು ‘ಇದೂ ಅದೇ’ ಅಂತ ತಳ್ಳಿಹಾಕಬಾರದು. ಅವನಿಗೆ ಬ್ಲೋಮಿಯಾದ್ದೇ ಅಲರ್ಜಿ ಪ್ರತ್ಯೇಕವಾಗಿ ಇರಬಹುದು.

ಬೆಂಗಳೂರು ಭಾವ: ಇರಬಹುದು ಅಂದರೆ? ಟೆಸ್ಟ್ ಮಾಡಿಸಿಯೂ ಗೊತ್ತಾಗಲ್ಲ ಅಂದ್ರೆ ಏನು ಪ್ರಯೋಜನ?

ನಾನು: ಕೈ ಮೇಲೆ ಚುಚ್ಚಿದ್ದು ಇಡೀ ನುಸಿಯ ಸಾರ ಭಾವ. ಅದರಲ್ಲಿ ಎಲ್ಲಾ ಪ್ರೋಟೀನೂ ಬೆರೆತಿರುತ್ತದೆ. ಯಾವುದಕ್ಕೆ ಅಂತ ಬಿಡಿಸಿ ನೋಡಬೇಕಾದರೆ ಒಂದೊಂದೇ ಪ್ರೋಟೀನ್ ಹಿಡಿದು ಮಾಡುವ ರಕ್ತ ಪರೀಕ್ಷೆ ಇದೆ. ಎಲ್ಲರಿಗೂ ಬೇಕಾಗಿಲ್ಲ. ಆದರೆ ಡಾಕ್ಟರ್ ಇಮ್ಯುನೊಥೆರಪಿ, ಅಂದರೆ ಅಲರ್ಜಿ ತರುವ ವಸ್ತುವನ್ನೇ ಸ್ವಲ್ಪ ಸ್ವಲ್ಪ ಕೊಟ್ಟು ಮೈಗೆ ಒಗ್ಗಿಸುವ ಚಿಕಿತ್ಸೆಯ ಮಾತು ಎತ್ತಿದ್ದಾರಂತೆ. ಆಗ ಇದನ್ನು ಕೇಳಲೇಬೇಕು. ನುಸಿ ಅಲರ್ಜಿಗೆ ನಾಲಿಗೆ ಕೆಳಗೆ ಇಡುವ ಮಾತ್ರೆಗಳಲ್ಲಿ ಇರುವುದು ಮೊದಲಿನ ಆ ಎರಡು ನುಸಿಯ ಸಾರ. ಪುಟ್ಟನಿಗೆ ಕಾಡುತ್ತಿರುವುದು ಮುಖ್ಯವಾಗಿ ಬ್ಲೋಮಿಯಾ ಆದರೆ, 3 ವರ್ಷ ತಪ್ಪದೆ ತೆಗೆದುಕೊಂಡರೂ ನಾವು ಅಂದುಕೊಂಡಷ್ಟು ಗುಣ ಸಿಗದೇ ಹೋಗಬಹುದು. ಮಗುವಿನ 3 ವರ್ಷ ಸುಮ್ನೆ ಹೋಗಬಾರದು.

ತಂಗಿ: ಸಿಗಡಿ?

ನಾನು: ರಿಪೋರ್ಟ್ ಇನ್ನೊಮ್ಮೆ ನೋಡು. ಸಿಗಡಿಯ ಸಾರ ಚುಚ್ಚಿದ ಕಡೆ ಎದ್ದ ಗುಳ್ಳೆ 3 ಮಿ.ಮೀ. ಅಂತ ಇದೆ. ಪ್ಲಸ್ ಅನ್ನಲು ಬೇಕಾದ ಅಳತೆಯೇ ಅಷ್ಟು, ಗೆರೆ ಮೇಲೆ ನಿಂತಿದೆ. ನುಸಿ, ಸಿಗಡಿ, ಏಡಿ, ಜಿರಳೆ ಎಲ್ಲದರಲ್ಲೂ ಟ್ರೋಪೊಮಯೊಸಿನ್ ಅನ್ನೋ ಸ್ನಾಯುವಿನ ಪ್ರೋಟೀನ್ ಇದೆ, ತುಂಬಾ ಹೋಲುತ್ತದೆ. ನುಸಿ ಅಲರ್ಜಿ ಇರುವ ಕೆಲವರಿಗೆ ಸಿಗಡಿ ಪ್ಲಸ್ ಬರುವುದು ಅದರಿಂದ. ಆದರೆ ಪ್ಲಸ್ ಅಂದರೆ ಪ್ರತಿಕಾಯ ಇದೆ ಅಂತ ಮಾತ್ರ. ತಿಂದಾಗ ತೊಂದರೆ ಆದರೆ ತಾನೇ ಅಲರ್ಜಿ? ಮೊದಲ ಮಳೆಗೆ ಅಜ್ಜಿ ಮಾಡಿದ ಏಡಿ ಸಾರು ಪುಟ್ಟ ಎರಡು ಸಲ ಬಡಿಸಿಕೊಂಡ. ತುಟಿ ಊದಿತಾ? ಬಾಯಿ ತುರಿಸಿತಾ? ಮೈ ಮೇಲೆ ದದ್ದು?

ತಂಗಿ: ಏನೂ ಇಲ್ಲ. ಸಿಗಡಿಯನ್ನೂ ಮೊನ್ನೆ ಮಲ್ಪೆಯಿಂದ ತಂದಾಗ ತಿಂದಿದ್ದ.

ನಾನು: ಹಾಗಾದರೆ ಪ್ಲಸ್ ನೋಡಿ ಮಾತ್ರ ಊಟದಿಂದ ತೆಗೆಯಬೇಡ. ಈಗ ಹೇಳಿದ್ದರಲ್ಲಿ ಯಾವುದಾದರೂ ಒಂದು ಕಂಡರೆ ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗು. ಉಸಿರು ಸಿಕ್ಕಿಕೊಂಡರೆ ತಡ ಮಾಡದೆ ಆಸ್ಪತ್ರೆಗೆ.

ಕೊಪ್ಪದ ಚಿಕ್ಕಮ್ಮ: ಅದೆಲ್ಲ ಸರಿ. ಈಗ ಮನೆಯಲ್ಲಿ ಏನು ಮಾಡಬೇಕು, ಅದು ಹೇಳು. ಹಾಸಿಗೆ ಬಿಸಿಲಿಗೆ ಹಾಕೋಣ ಅಂದ್ರೆ ಬಿಸಿಲೇ ಇಲ್ಲ.

ನಾನು: ಮೊದಲು ಆ ಬೂರುಗದ ಹತ್ತಿ ದಿಂಬು ತೆಗೆಯಿರಿ ಚಿಕ್ಕಮ್ಮ. ಹೋದ ಸಲ ಬಂದಾಗ ನೋಡಿದೆ. ಹೊಲಿಗೆ ಪಕ್ಕದಲ್ಲೆಲ್ಲ ಹಳದಿ ಕಲೆ, ಒತ್ತಿದರೆ ಒಳಗೆ ತಣ್ಣಗೆ ತೇವ. ತಟ್ಟಿದ ಕೂಡಲೇ ಪುಟ್ಟನಿಗೆ ಸಾಲಾಗಿ ಸೀನು. ಹೊದಿಕೆ, ದಿಂಬಿನ ಚೀಲ ವಾರಕ್ಕೊಮ್ಮೆ 60 ಡಿಗ್ರಿ ನೀರಿನಲ್ಲಿ ಒಗೆಯಬೇಕು. ಬಚ್ಚಲ ಹಂಡೆ ನೀರು ಕುದಿಯುತ್ತಲೇ ಇರುತ್ತದೆ, ಅದಕ್ಕೆ ಯಂತ್ರ ಬೇಕಿಲ್ಲ. ಒಣಗಿಸಲು ಒಲೆಯ ಮೇಲಿನ ಬಿದಿರು ಸಾಕು, ಹೊಗೆ ಇಲ್ಲದ ಹೊತ್ತಿನಲ್ಲಿ. ಪೆಟ್ಟಿಗೆಯಿಂದ ತೆಗೆದ ಕಂಬಳಿ ಅವನ ಮೇಲೆ ಬೇಡ. ಇನ್ನೊಂದು, ಅವನು ಮಲಗುವ ಕೋಣೆಯಲ್ಲೇ ಅಕ್ಕಿ ಮೂಟೆ, ಹಿಟ್ಟಿನ ಡಬ್ಬಿ ಇಟ್ಟಿದ್ದೀರಿ. ದಾಸ್ತಾನಿನಲ್ಲಿ ಬೆಳೆಯುವ ನುಸಿಗಳೇ ಬೇರೆ ಇವೆ. ಅವನ್ನು ಬೇರೆ ಕಡೆ ಸಾಗಿಸಿ.

ದೊಡ್ಡಪ್ಪ: ಹೊಗೆ ಬಗ್ಗೆ ನಾನು ಒಪ್ಪುವುದಿಲ್ಲ. ನಮ್ಮ ಅಪ್ಪನ ಕಾಲದಿಂದ ಹಾಕುತ್ತಿದ್ದೇವೆ.

ನಾನು: ಕೊಟ್ಟಿಗೆಗೆ ಹಾಕಿ ದೊಡ್ಡಪ್ಪ, ನಾನು ಬೇಡ ಅನ್ನಲ್ಲ. ಪುಟ್ಟನ ಕೋಣೆಗೆ ಬೇಡ. ಹಾಸಿಗೆ ಒಳಗೆ ಇಳಿದ ನುಸಿಗೆ ಅದು ತಲುಪುವುದಿಲ್ಲ. ಸತ್ತರೂ ಹಿಕ್ಕೆ ಅಲ್ಲೇ ಉಳಿಯುತ್ತದೆ, ಒಗೆದರೇ ಹೋಗುವುದು. ಉಬ್ಬಸದ ಮಗುವಿಗೆ ಯಾವ ಹೊಗೆಯೂ ಕೆಡುಕೇ, ಬೇವಿನದ್ದಾದರೂ. ಆ ಫಾರ್ವರ್ಡ್ ತೆಗೆದುಬಿಡಿ ಪ್ಲೀಸ್, ಬೇರೆ ಮನೆಯ ಮಕ್ಕಳಿಗೂ ಹೋಗುತ್ತದೆ.

ದೊಡ್ಡಪ್ಪ: ಸಿಗಡಿದು ತೆಗೆಯುತ್ತೇನೆ. ಹೊಗೆದು ಡಾಕ್ಟರ್ ಹೇಳಲಿ, ಆಮೇಲೆ ನೋಡೋಣ.

ತಂಗಿ: ಬುಧವಾರ ಶಿವಮೊಗ್ಗಕ್ಕೆ ಹೋಗುತ್ತಿದ್ದೇವೆ, ಹೊಗೆದೂ ಬ್ಲೋಮಿಯಾದ್ದೂ ಎರಡೂ ಕೇಳುತ್ತೇನೆ. ಇನ್ಹೇಲರ್ ನಿಲ್ಲಿಸಿಲ್ಲ.