ಅಪ್‌ಡೇಟ್: ಸಿಗ್ನಲ್ ಹಾರಿಸಿ ಮಿರರ್ ಕಿತ್ತ ಪೊಲೀಸ್ ಜೀಪ್

ಕೆಂಪು ದೀಪ ಇದ್ದಾಗಲೇ ಪೊಲೀಸ್ ಜೀಪೊಂದು ನುಗ್ಗಿ ನನ್ನ ಕಾರಿನ ಸೈಡ್ ಮಿರರ್ ಕಿತ್ತುಕೊಂಡು ಹೋಗಿತ್ತು. ಸೈರನ್ನೂ ಇಲ್ಲ, ಮೇಲಿನ ದೀಪವೂ ಇಲ್ಲ. ದೂರು ಕೊಟ್ಟರೆ ಯಾರಾದ್ರೂ ಕೇಳ್ತಾರಾ ಅಂತ ಇಲ್ಲಿ ಕೇಳಿದ್ದೆ.

ಕೇಳಿದರು, ಆದರೆ ಠಾಣೆಯಲ್ಲಲ್ಲ. ಅಲ್ಲಿ "ಅರ್ಜೆಂಟ್ ಕಾಲ್ ಇತ್ತು, ಬಿಡಿ ಸಾರ್" ಅಂತ ಸಾಗಹಾಕಿದರು. ನಿಮ್ಮಲ್ಲೊಬ್ಬರು ಹೇಳಿದಂತೆ ಮೇಲಧಿಕಾರಿಗೆ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ತಗೊಂಡೆ. ನನ್ನ ಕಾರಿನ ಡ್ಯಾಶ್‌ಕ್ಯಾಮ್ (ರಸ್ತೆ ಚಿತ್ರೀಕರಿಸೋ ಕ್ಯಾಮೆರಾ) ಕಾರ್ಡ್ ತುಂಬಿದ ಮೇಲೆ ಹಳೆಯದನ್ನು ಅಳಿಸಿಕೊಂಡೇ ರೆಕಾರ್ಡ್ ಮಾಡುತ್ತೆ. ಅವತ್ತೇ ಕಾರ್ಡ್ ತೆಗೆದಿಟ್ಟಿದ್ದು ಪುಣ್ಯ. ಗಾಡಿ ನಂಬರ್ ಸಿಕ್ಕಿತು, ಜೊತೆಗೆ ಚಾಲಕನ ಒಂದು ಕೈ ಸ್ಟೀರಿಂಗ್ ಮೇಲೆ, ಇನ್ನೊಂದರಲ್ಲಿ ಕಿವಿಗೊತ್ತಿದ ಮೊಬೈಲು. ಮೇಲಧಿಕಾರಿ ಜೀಪಿನ ಲಾಗ್‌ಬುಕ್ ತರಿಸಿ ನೋಡಿದರೆ ಆ ಹೊತ್ತಿಗೆ ಯಾವ ತುರ್ತು ಕರೆಯೂ ದಾಖಲಾಗಿಲ್ಲ. ಅವರ ಮುಖ ನೋಡಬೇಕಿತ್ತು!

"ಪೊಲೀಸರಿಗೆ ಎಲ್ಲಾ ಮಾಫಿ" ಅಂದವರಿಗೆ: ವಿನಾಯಿತಿ ಇರೋದು ತುರ್ತು ಕೆಲಸಕ್ಕೆ, ಯೂನಿಫಾರ್ಮಿಗಲ್ಲ. ಆಗಲೂ ಅಡ್ಡ ಬರುವವರನ್ನು ನೋಡಿಕೊಂಡೇ ದಾಟಬೇಕು. ಗಾಜು ಏರಿಸಿ ಕೂತವರಿಗೆ ಸೈರನ್ನೇ ತಡವಾಗಿ ಕೇಳಿಸುತ್ತೆ, ಇನ್ನು ಸದ್ದಿಲ್ಲದೆ ಬಂದರೆ?

ಮಿರರ್ ಖರ್ಚು ಇನ್ನೂ ಬಂದಿಲ್ಲ. ಚಾಲಕನನ್ನು ಗಾಡಿ ಓಡಿಸೋ ಕೆಲಸದಿಂದ ತೆಗೆದಿದ್ದಾರಂತೆ, ಬಾಯಿಮಾತು ಅಷ್ಟೇ. ಲಿಖಿತ ಉತ್ತರ ಕೇಳಿದ್ದೀನಿ, ಬಂದರೆ ಹಾಕ್ತೀನಿ.