ಗ್ಯಾಂಟ್ರಿ ಲೋಡರ್ ಬಂದ ಮೇಲೆ ಸಿಎನ್‌ಸಿ ಆಪರೇಟರ್‌ಗೆ ಮುಂದೇನು?

ಪೀಣ್ಯ_ಟರ್ನರ್ ಕೇಳಿದ್ದು:

ಐಟಿಐ ಟರ್ನರ್ ಆಗಿದೆ, ಪೀಣ್ಯದಲ್ಲಿ ಸಿಎನ್‌ಸಿ ಲೇತ್ ಆಪರೇಟರ್. ಫ್ಯಾನುಕ್ ಕಂಟ್ರೋಲ್, ಆಟೊ ಪಾರ್ಟ್ಸ್, ದೊಡ್ಡ ಬ್ಯಾಚ್. ಮುಂದಿನ ವರ್ಷ ಎರಡೆರಡು ಮಷಿನ್‌ಗೆ ಒಂದು ಗ್ಯಾಂಟ್ರಿ ಲೋಡರ್ (ಮೇಲಿನ ಹಳಿಯಲ್ಲಿ ಓಡಾಡಿ ಪೀಸ್ ಹಾಕಿ ತೆಗೆಯೋ ಯಂತ್ರ) ಹಾಕ್ತಾರಂತೆ. ಶಿಫ್ಟ್‌ಗೆ ಆರು ಜನ ಇರೋ ಕಡೆ ಇಬ್ಬರು ಸಾಕು ಅನ್ನೋ ಮಾತು ಓಡಾಡ್ತಿದೆ. ಲೋಡ್-ಅನ್‌ಲೋಡ್, ಇನ್ಸರ್ಟ್ (ಟೂಲ್‌ನ ಕತ್ತರಿಸೋ ತುದಿ) ಬದಲಿಸೋದು, ವೇರ್ ಆಫ್‌ಸೆಟ್ (ತುದಿ ಸವೆದಷ್ಟು ಅಳತೆ ತಿದ್ದೋದು) ಕೊಡೋದು ಗೊತ್ತು. ಸೆಟ್ಟಿಂಗ್ ಎಲ್ಲ ಸೆಟ್ಟರ್ ಮಾಡ್ತಾರೆ. ಈ ಲೈನಲ್ಲೇ ಇರಬಹುದಾ? ಇರೋದಾದ್ರೆ ಮೊದಲು ಏನು ಕಲೀಬೇಕು? ಕ್ಯಾಮ್ (ಕಂಪ್ಯೂಟರ್‌ನಲ್ಲಿ ಪ್ರೋಗ್ರಾಮ್ ಮಾಡೋದು), ಸಿಎಂಎಂ (ಪೀಸ್ ಅಳೆಯೋ ಮಷಿನ್), ಡಿಪ್ಲೊಮಾ ಅಂತ ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಸಾಫ್ಟ್_ಜಾ:

ನೇರವಾಗಿ ಹೇಳ್ತೀನಿ ತಮ್ಮ. ಬಾಗಿಲು ತೆಗೆದು ಪೀಸ್ ಹಾಕಿ ಸೈಕಲ್ ಸ್ಟಾರ್ಟ್ ಒತ್ತೋ ಕೆಲಸ ಉಳಿಯಲ್ಲ. ಒಂದೇ ಜಾಬ್ ತಿಂಗಳುಗಟ್ಟಲೆ ಓಡೋ ಕಡೆ ಅದು ಮೊದಲು ಹೋಗುತ್ತೆ. ಆದರೆ ಲೋಡರ್ ಹಾಕಿದ ಲೈನ್ ಯಾಕೆ ನಿಲ್ಲುತ್ತೆ ಅಂತ ಒಂದು ವಾರ ಗಮನಿಸಿದ್ರೆ ನಿನ್ನ ದಾರಿ ನಿನಗೇ ಕಾಣುತ್ತೆ.

ಮೊದಲ ಕಾರಣ ಚಿಪ್, ಅಂದ್ರೆ ಕತ್ತರಿಸಿದ ಲೋಹದ ಸುರುಳಿ. ಫಿನಿಶಿಂಗ್‌ಗೆ 0.2 ಮಿ.ಮೀ. ಮಾತ್ರ ಬಿಟ್ಟು 0.8 ನೋಸ್ ರೇಡಿಯಸ್ (ತುದಿಯ ದುಂಡು) ಇನ್ಸರ್ಟ್ ಹಾಕಿದ್ರೆ ಚಿಪ್ ಮುರಿಯಲ್ಲ, ರಿಬ್ಬನ್ ಥರ ಬಂದು ಪೀಸ್ ಹಿಡಿಯೋ ಚಕ್‌ಗೆ ಸುತ್ತಿಕೊಳ್ಳುತ್ತೆ. ಈಗ ನೀನು ಹುಕ್‌ನಲ್ಲಿ ಎಳೆದು ಹಾಕ್ತೀಯ, ಗ್ರಿಪ್ಪರ್‌ಗೆ ಅದು ಬರಲ್ಲ. ಸರಿ, 0.4 ರೇಡಿಯಸ್ ಹಾಕೋಣ ಅಂದ್ರೆ ಫಿನಿಶ್ ಕೆಡುತ್ತೆ. ಲೆಕ್ಕ ಸುಲಭ: ಫೀಡ್‌ನ (ಒಂದು ಸುತ್ತಿಗೆ ಟೂಲ್ ಸರಿಯೋ ದೂರ) ವರ್ಗವನ್ನು ರೇಡಿಯಸ್‌ನ ಎಂಟು ಪಟ್ಟಿನಿಂದ ಭಾಗಿಸು. 0.2 ಫೀಡ್, 0.8 ರೇಡಿಯಸ್‌ಗೆ ಗೆರೆಯ ಎತ್ತರ 6.25 ಮೈಕ್ರಾನ್, 0.4 ರೇಡಿಯಸ್‌ಗೆ 12.5. ಮೊದಲಿನ ಫಿನಿಶ್ಶೇ ಬೇಕಂದ್ರೆ ಫೀಡ್ 0.14ಕ್ಕೆ ಇಳಿಸಬೇಕು, ಸೈಕಲ್ ಟೈಮ್ ಏರುತ್ತೆ. ಇಲ್ಲಾಂದ್ರೆ ಫಿನಿಶಿಂಗ್‌ಗೆ 0.5 ಬಿಟ್ಟು, ಇನ್ಸರ್ಟ್ ಮೇಲಿನ ಚಿಪ್ ಮುರಿಯೋ ಬ್ರೇಕರ್ ಬದಲಿಸಿ ನೋಡಬೇಕು. ಇದನ್ನು ತೀರ್ಮಾನ ಮಾಡೋನು ಆ ಲೈನ್‌ಗೆ ಬೇಕೇ ಬೇಕು.

ಎರಡನೇದು ಸೀಟಿಂಗ್. ಸ್ಟಾಪರ್ ಮೇಲೆ ಒಂದು ಚೂರು ಚಿಪ್ ಕೂತ್ರೆ ಪೀಸ್ ವಾಲುತ್ತೆ, ಲೆಂಗ್ತ್ ತಪ್ಪುತ್ತೆ, ಫೇಸ್ ರನ್‌ಔಟ್ (ತಿರುಗುವಾಗ ಮುಖ ಓಲಾಡೋದು) ಬರುತ್ತೆ. ಕೈಯಲ್ಲಿ ಹಾಕೋವಾಗ ಬೆರಳಲ್ಲಿ ಒಮ್ಮೆ ಸವರಿ ಹಾಕ್ತೀಯಲ್ಲ, ಲೋಡರ್ ಬಂದಾಗ ಅದಕ್ಕೆ ಏರ್ ಬ್ಲೋ ಬೇಕು, ಸ್ಟಾಪರ್‌ನಲ್ಲಿ ಸಣ್ಣ ತೂತು ಕೊರೆದು ಏರ್ ಸೀಟಿಂಗ್ ಚೆಕ್ ಬೇಕು. ಪೀಸ್ ಸರಿಯಾಗಿ ಕೂರದಿದ್ರೆ ಏರ್ ಪ್ರೆಶರ್ ಏರಲ್ಲ, ಮಷಿನ್ ನಿಲ್ಲುತ್ತೆ.

ಹಾಗಾಗಿ ಮೊದಲು ಸೆಟ್ಟಿಂಗ್ ಕಲಿ, ಅದರಲ್ಲೂ ಸಾಫ್ಟ್ ಜಾ ಬೋರಿಂಗ್, ಅಂದ್ರೆ ಚಕ್‌ನ ಮೆತ್ತನೆ ಹಿಡಿಗಳನ್ನು ಪೀಸ್‌ಗೆ ತಕ್ಕಂತೆ ಕೊರೆಯೋದು. ಜಾಗಳಿಗೆ ರಿಂಗ್ ಕೊಟ್ಟು, ಜಾಬ್‌ಗೆ ಇಡೋ ಪ್ರೆಶರ್‌ನಲ್ಲೇ ಕ್ಲ್ಯಾಂಪ್ ಮಾಡಿ ಬೋರ್ ಮಾಡಬೇಕು. ಸುಮ್ಮನೆ ತೆರೆದಿಟ್ಟು ಬೋರ್ ಮಾಡಿದ್ರೆ ಕ್ಲ್ಯಾಂಪ್ ಆದಾಗ ಜಾ ಎತ್ತಿಕೊಂಡು ರನ್‌ಔಟ್ ಬರುತ್ತೆ. ಬೋರ್ ಡಯಾ ಜಾಬ್ ಹಿಡಿಯೋ ಡಯಾಕ್ಕೆ ಸಮ ಇರಲಿ. ಚಿಕ್ಕದಾದ್ರೆ ಜಾ ಅಂಚು ಮಾತ್ರ ಕಚ್ಚಿ ಮಾರ್ಕ್ ಬೀಳುತ್ತೆ, ತೀರಾ ದೊಡ್ಡದಾದ್ರೆ ನಡುವೆ ಒಂದು ಗೆರೆಯಲ್ಲಿ ಮಾತ್ರ ಹಿಡಿತ. ಮೂಲೆಯಲ್ಲಿ ಅಂಡರ್‌ಕಟ್ (ಸಣ್ಣ ತೋಡು) ಹೊಡೆಯೋದು ಮರೀಬೇಡ, ಬರ್ (ಅಂಚಿನ ಚೂಪು ಸಿಬಿರು) ಕೂರೋಕೆ ಜಾಗ ಬೇಕು.

ಉದ್ಯಮಬಾಗ್:

ಮ್ಯಾಲಿನವರು ಹೇಳಿದ್ದು ಖರೇ ಐತ್ರಿ. ಅದರ ಜೋಡಿ ಅಳತಿ ಕಲೀರಿ. ಸಿಎಂಎಂ ಕೋರ್ಸಿಗೆ ಓಡೂಕಿಂತ ಮೊದಲ, ಕೈಯಾಗಿರೋ ಮೈಕ್ರೋಮೀಟರ್ ಎಲ್ಲೆ ಸುಳ್ಳ ಹೇಳ್ತದ ಅನ್ನೋದು ತಿಳೀಬೇಕು.

80 ಡಯಾ, ಎಚ್6 ದರ್ಜಿ ಶಾಫ್ಟಿಗೆ ಟಾಲರೆನ್ಸ್ (ಅಳತಿ ತಪ್ಪೂಕ ಬಿಟ್ಟ ಮಿತಿ) 19 ಮೈಕ್ರಾನ್. ಮಷಿನ್‌ನಿಂದ ಆಗಷ್ಟ ಹೊರಗ ಬಂದ ಸ್ಟೀಲ್ ಪೀಸ್ ರೂಮಿನಕಿಂತ 20 ಡಿಗ್ರಿ ಬಿಸಿ ಇದ್ರ 18 ಮೈಕ್ರಾನ್ ಹಿಗ್ಗಿರ್ತದ. ಬಿಸಿ ಇದ್ದಾಗ ನಟ್ಟ ನಡು ಬಂತು ಅಂತ ಪಾಸ್ ಮಾಡಿದ್ದು ಆರಿದ ಮ್ಯಾಲೆ ಅಂಡರ್‌ಸೈಜ್. ಮತ್ತ ಅದಕ್ಕ ಆಫ್‌ಸೆಟ್ ಕೊಟ್ರಿ ಅಂದ್ರ ಮುಂದಿನ ಪೀಸೂ ಅದ ಹಾದಿ.

ಇನ್ನೊಂದು ತೆಳು ರಿಂಗ್. ಮೂರು ಜಾದಾಗ ಬಿಗಿ ಹಿಡದು ಬೋರ್ ಹೊಡದ್ರ ಮಷಿನ್ ಮ್ಯಾಲೆ ಗೋಲ್ ಇರ್ತದ, ಬಿಟ್ಟ ಕೂಡ್ಲೆ ಮೂರು ಮೂಲಿ ಆಗ್ತದ. ಎರಡು ಪಾಯಿಂಟಿನ ಬೋರ್ ಗೇಜ್ ಅದನ್ನ ತೋರ್ಸೂದಿಲ್ಲ, ಎಲ್ಲೆ ತಿರುಗಿಸಿದ್ರೂ ಒಂದ ಅಳತಿ. ಮೂರು ಪಾಯಿಂಟಿನ ಮೈಕ್ರೋಮೀಟರ್ ಹಾಕಿ 60 ಡಿಗ್ರಿ ತಿರುಗಿಸಿ ನೋಡ್ರಿ, ಆವಾಗ ಸಿಗ್ತದ. ಫಿನಿಶಿಂಗಿಗೆ ಚಕ್ ಪ್ರೆಶರ್ ಇಳಸಬೇಕು, ಇಲ್ಲಾ ಸುತ್ತೂ ಹಿಡಿಯೋ ಅಗಲ ಜಾ ಮಾಡ್ಬೇಕು. ಅಸೆಂಬ್ಲಿಯೊಳಗ ಬೇರಿಂಗ್ ಯಾಕ ಕೂಡವಲ್ದು ಅಂತ ಎಲ್ಲಾರೂ ತಲಿ ಕೆಡಸಿಕೊಂಡಾಗ ಇದನ್ನ ಹಿಡದು ತೋರಿಸಿದವನ್ನ ಯಾವ ಮಾಲಕನೂ ಬಿಡಂಗಿಲ್ರಿ.

ಪೀಣ್ಯ_ಟರ್ನರ್:

ಇಬ್ಬರಿಗೂ ಥ್ಯಾಂಕ್ಸ್ ಅಣ್ಣ. ಕ್ಯಾಮ್ ಕೋರ್ಸ್‌ಗೆ ದುಡ್ಡು ಹಾಕಬಹುದಾ? ಮತ್ತೆ ಲೋಡರ್ ಜೊತೆ ಆಟೋ ಗೇಜಿಂಗ್ ಕೂಡ ಬರುತ್ತಂತೆ, ಅದೇ ಅಳೆದು ಅದೇ ಆಫ್‌ಸೆಟ್ ಕೊಡುತ್ತಂತೆ. ಹಾಗಾದ್ರೆ ಅಳತೆ ಕೆಲಸಾನೂ ಹೋಯ್ತಲ್ಲ?

ಮ್ಯಾಕ್ರೊ_65:

ಎರಡು ಆಕ್ಸಿಸ್ ಲೇತ್ ಕೆಲಸಕ್ಕೆ ಕ್ಯಾಮ್ ಅರ್ಜೆಂಟಿಲ್ಲ. ಜಿ71, ಜಿ70, ಜಿ76 (ರಫಿಂಗ್, ಫಿನಿಶಿಂಗ್, ಥ್ರೆಡ್ ಸೈಕಲ್‌ಗಳು) ಕೈಯಲ್ಲಿ ಬರೆಯೋಕೆ ಬಂದು, ಜಿ41, ಜಿ42 (ನೋಸ್ ರೇಡಿಯಸ್ ತಿದ್ದುಪಡಿ) ಯಾವಾಗ ಯಾಕೆ ಅಂತ ತಿಳಿದ ಮೇಲೆ ಮಿಲ್ಲಿಂಗ್‌ಗೆ ಹೋಗುವುದಾದರೆ ಕ್ಯಾಮ್ ಕಲಿಯಿರಿ. ಸಾಫ್ಟ್‌ವೇರ್ ಮಾತ್ರ ಕಲಿತವರು ಬಹಳ ಜನ ಇದ್ದಾರೆ. ಪೀಸ್ ಹೇಗೆ ಹಿಡಿಯಬೇಕು, ಯಾವ ಮುಖ ಮೊದಲು ಅಂತ ಅವರಿಗೆ ಯಾರಾದರೂ ಹೇಳಿಕೊಡಬೇಕು. ಟೂಲ್‌ಪಾತ್ ಹಾಕುವ ಕೆಲಸ ದಿನೇ ದಿನೇ ತಾನೇ ಆಗುತ್ತಿದೆ, ಆದ್ದರಿಂದ ಅದೊಂದನ್ನೇ ನಂಬಿ ಕೂರಬೇಡಿ.

ನೀವು ಈಗ ಕಲಿಯಬೇಕಾದ್ದು ಮ್ಯಾಕ್ರೊ, ಅಂದರೆ ತಾನೇ ಲೆಕ್ಕ ಹಾಕಿ ತೀರ್ಮಾನಿಸುವ ಪ್ರೋಗ್ರಾಮ್. ಆಟೋ ಗೇಜಿಂಗ್ ಒಳಗೆ ನಡೆಯುವುದು ಅದೇ. ಫ್ಯಾನುಕ್ ಲೇತ್‌ನಲ್ಲಿ 3ನೇ ಆಫ್‌ಸೆಟ್‌ನ ಎಕ್ಸ್ ವೇರ್ ಸಾಮಾನ್ಯವಾಗಿ #2003 ಎಂಬ ವೇರಿಯಬಲ್‌ನಲ್ಲಿ ಕೂರುತ್ತದೆ. ಅಳತೆ ಬಂದಾಗ ಪ್ರೋಗ್ರಾಮ್ ಅದನ್ನು ಬದಲಿಸುತ್ತದೆ. ಬೇಕಾದ್ದು 25.000, ಬಂದದ್ದು 25.012 ಅಂತಿಟ್ಟುಕೊಳ್ಳಿ. ಪೂರ್ತಿ 0.012 ಕಳೆದರೆ ಮುಂದಿನ ಪೀಸ್ ಆ ಕಡೆ ಹಾರುತ್ತದೆ, ಯಾಕೆಂದರೆ ಆ 12ರಲ್ಲಿ ಒಂದು ಪಾಲು ಬರೀ ಗೇಜ್‌ನ ಏರುಪೇರು. ಐದು ಪೀಸಿನ ಸರಾಸರಿ ತೆಗೆದು ಅರ್ಧ ತಿದ್ದಿದರೆ ಸೈಜ್ ನಿಲ್ಲುತ್ತದೆ. ಗೇಜ್ ಮತ್ತು ಮಷಿನ್ ನಡುವೆ ಕನ್ವೇಯರ್ ಮೇಲೆ ನಾಲ್ಕು ಪೀಸ್ ಇದ್ದರೆ ಅವು ದಾಟುವವರೆಗೆ ಎರಡನೇ ತಿದ್ದುಪಡಿ ಕೊಡಬಾರದು. ಕೊಟ್ಟರೆ ಒಂದೇ ತಪ್ಪಿಗೆ ಎರಡು ಸಲ ತಿದ್ದಿದಂತೆ.

ಎಲ್ಲಕ್ಕಿಂತ ಮುಖ್ಯ ಮಿತಿ. ಒಂದೇ ಸಲ 0.05 ವ್ಯತ್ಯಾಸ ಬಂದರೆ ಅದು ಟೂಲ್ ಸವೆದದ್ದಲ್ಲ. ಇನ್ಸರ್ಟ್ ತುದಿ ಮುರಿದಿದೆ, ಇಲ್ಲವೇ ಗೇಜ್ ಮೇಲೆ ಕೂಲಂಟ್ ಅಥವಾ ಚಿಪ್ ಇದೆ. ಆಗ ತಿದ್ದದೆ #3000 ಹಾಕಿ ಅಲಾರ್ಮ್‌ನಲ್ಲಿ ನಿಲ್ಲಿಸಬೇಕು. ಈ ಮಿತಿ ಇಲ್ಲದ ಸೆಲ್ ರಾತ್ರಿಯಿಡೀ ಸ್ಕ್ರಾಪ್ ಮಾಡಿಡುತ್ತದೆ. ಮಿತಿ ಎಷ್ಟಿರಬೇಕು ಅಂತ ಹೇಳಲು ಆ ಜಾಬ್‌ನಲ್ಲಿ ಇನ್ಸರ್ಟ್ ಎಷ್ಟು ಪೀಸಿಗೆ ಎಷ್ಟು ಸವೆಯುತ್ತದೆ ಅಂತ ಗೊತ್ತಿರಬೇಕು. ಅದು ನಿಮಗೆ ಗೊತ್ತು, ಲೋಡರ್ ಹಾಕಲು ಬರುವ ಇಂಜಿನಿಯರ್‌ಗೆ ಗೊತ್ತಿರುವುದಿಲ್ಲ. ಇವತ್ತಿನಿಂದಲೇ ಟೂಲ್ ಪ್ರಕಾರ ಬರೆದಿಡಿ: ಎಷ್ಟನೇ ಪೀಸಿಗೆ ಎಷ್ಟು ಆಫ್‌ಸೆಟ್, ಎಷ್ಟನೆಯದಕ್ಕೆ ಇನ್ಸರ್ಟ್ ಬದಲು, ಬದಲಿಸಿದ್ದು ಫಿನಿಶ್ ಕೆಟ್ಟಿದ್ದಕ್ಕೋ ಸೈಜ್ ನಿಲ್ಲದ್ದಕ್ಕೋ.

ಟೂಲ್‌ರೂಮ್_ಮೈಸೂರು:

ಡಿಪ್ಲೊಮಾ ವಿಷಯ: ಎರಡು ವರ್ಷದ ಐಟಿಐ ಆದವರಿಗೆ ಪಾಲಿಟೆಕ್ನಿಕ್‌ನಲ್ಲಿ ನೇರ ಎರಡನೇ ವರ್ಷಕ್ಕೆ ಲ್ಯಾಟರಲ್ ಎಂಟ್ರಿ ಇದೆ. ಮೆಕ್ಯಾನಿಕಲ್ ತೆಗೆದುಕೊಳ್ಳಿ. ಕೆಲಸ ಬಿಡಲು ಆಗದಿದ್ದರೆ ಜಿಟಿಟಿಸಿಯ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಕಡಿಮೆ ಅವಧಿಯ ಕೋರ್ಸ್‌ಗಳನ್ನು ವಿಚಾರಿಸಿ.

ಯಾವ ಉದ್ಯಮ ಅನ್ನೋದನ್ನೂ ಯೋಚಿಸಿ. ನೀವು ಮಾಡುತ್ತಿರುವ ಆಟೊ ಪಾರ್ಟ್ಸ್ ಇಂಜಿನ್ ಒಳಗಿನದ್ದಾದರೆ, ಅಂದರೆ ವಾಲ್ವ್, ಕ್ಯಾಮ್‌ಶಾಫ್ಟ್, ಕನೆಕ್ಟಿಂಗ್ ರಾಡ್, ಎಲೆಕ್ಟ್ರಿಕ್ ಗಾಡಿಯಲ್ಲಿ ಅದ್ಯಾವುದೂ ಇಲ್ಲ. ಲೋಡರ್‌ಗಿಂತ ಇದು ದೊಡ್ಡ ಚಿಂತೆ. ಏರೋಸ್ಪೇಸ್‌ನಲ್ಲಿ ಬ್ಯಾಚ್ ಚಿಕ್ಕದು, ಜಾಬ್ ಪದೇ ಪದೇ ಬದಲಾಗುತ್ತೆ, ಹಾಗಾಗಿ ಸೆಟ್ಟರ್‌ಗೆ ಬೆಲೆ ಜಾಸ್ತಿ. ದೇವನಹಳ್ಳಿ ಕಡೆ, ಬೆಳಗಾವಿ ಹತ್ತಿರದ ಹತ್ತರಗಿಯಲ್ಲಿ ಅಂಥ ಕೆಲಸ ಇದೆ. ಆದರೆ ಅಲ್ಲಿ ಇಂಕೊನೆಲ್ 718 (ಗಟ್ಟಿ ನಿಕಲ್ ಮಿಶ್ರಲೋಹ) ಬಂದರೆ ಕಾರ್ಬೈಡ್‌ಗೆ ಮಿನಿಟಿಗೆ ಸುಮಾರು 30-40 ಮೀಟರ್ ಸ್ಪೀಡ್ ಅಷ್ಟೆ. ಸ್ಟೀಲ್‌ನ 200ರ ಅಭ್ಯಾಸದಲ್ಲಿ ಹೋದರೆ ಇನ್ಸರ್ಟ್ ಕ್ಷಣದಲ್ಲಿ ಸುಟ್ಟುಹೋಗುತ್ತೆ.

ಇಂಟರ್‌ವ್ಯೂನಲ್ಲಿ ಡ್ರಾಯಿಂಗ್ ಮುಂದಿಟ್ಟು ಕೇಳ್ತಾರೆ. 25 ಎಚ್7 ಹೋಲ್ ಅಂದ್ರೆ ಸೊನ್ನೆಯಿಂದ ಪ್ಲಸ್ 0.021 ಅಂತ ಬಾಯಲ್ಲಿರಬೇಕು. ಎಚ್ ದೊಡ್ಡ ಅಕ್ಷರವೋ ಚಿಕ್ಕ ಅಕ್ಷರವೋ ನೋಡಿ ಹೇಳಿ, ಚಿಕ್ಕದಾದರೆ ಶಾಫ್ಟ್, ಸೊನ್ನೆಯಿಂದ ಮೈನಸ್. ಆಮೇಲೆ ಡೇಟಮ್ (ಅಳತೆಗೆ ಆಧಾರವಾಗೋ ಮುಖ) ಯಾವುದು, ಮೊದಲ ಸೆಟಪ್‌ನಲ್ಲಿ ಯಾವ ಮುಖ ಹಿಡೀತೀರಿ ಅಂತ ಕೇಳ್ತಾರೆ.

ಪೀಣ್ಯ_ಟರ್ನರ್:

ವಾಲ್ವ್ ಅಲ್ಲ ಸರ್, ವೀಲ್ ಹಬ್ ಜಾಬ್. ಟೂಲ್ ರಿಜಿಸ್ಟರ್ ಇವತ್ತಿಂದ ಶುರು ಮಾಡ್ತೀನಿ. ಸಾಫ್ಟ್ ಜಾ ಬೋರ್ ಮಾಡೋಕೆ ಸೆಟ್ಟರ್ ಅವಕಾಶ ಕೊಡ್ತಾರಾ ಅನ್ನೋದೇ ಡೌಟು.

ಸಾಫ್ಟ್_ಜಾ:

ಹಬ್ ಆದ್ರೆ ಒಳ್ಳೇದು, ಎಲೆಕ್ಟ್ರಿಕ್ ಗಾಡಿಗೂ ಚಕ್ರ ಬೇಕು. ಸೆಟ್ಟರ್ ಹತ್ರ ಹೊಸ ಜಾ ಸೆಟ್ ಕೇಳಬೇಡ. ಹಳೇದು ಸವೆದು ತೆಗೆದಿಟ್ಟಿರ್ತಾರಲ್ಲ, ಜಾಬ್ ಚೇಂಜ್ ಆಗೋ ದಿನ ಅದರಲ್ಲಿ ಸ್ಕಿಮ್ ಕಟ್ ಹೊಡೀತೀನಿ, ಪಕ್ಕದಲ್ಲಿ ನಿಂತ್ಕೊಳ್ಳಿ ಅಣ್ಣ ಅಂತ ಕೇಳು. ಒಂದು ಸಲಕ್ಕೆ 0.3ಕ್ಕಿಂತ ಜಾಸ್ತಿ ತೆಗೀಬೇಡ. ಮುಗಿದ ಮೇಲೆ ಒಂದು ಮಾಸ್ಟರ್ ಪೀಸ್ ಹಿಡಿದು ಡಯಲ್ ಹಚ್ಚು, ರನ್‌ಔಟ್ 0.02 ಒಳಗೆ ಬಂತಾ ಅಂತ ಅವರಿಗೇ ತೋರಿಸು.