ಅಮೆರಿಕನ್ ಫುಟ್ಬಾಲಲ್ಲಿ ಪಂಟರ್ ನಿಜವಾಗ್ಲೂ ಚೆನ್ನಾಗಿದಾನಾ ಅಂತ ಹೇಗೆ ನೋಡೋದು? ಸರಾಸರಿ ನಂಬಬೋದಾ?

ಪ್ರಶ್ನೆ:
ಎಂ.ಎಸ್. ಮಾಡೋಕೆ ಅಮೆರಿಕಕ್ಕೆ ಬಂದು ಎರಡನೇ ವರ್ಷ, ಕಾಲೇಜ್ ಫುಟ್ಬಾಲ್ ಹುಚ್ಚು ಹತ್ಕೊಂಡಿದೆ. ನಮ್ಮ ಯೂನಿವರ್ಸಿಟಿ ಪಂಟರ್ (ಟೀಮಿಗೆ ಮುಂದೆ ಹೋಗೋಕೆ ಆಗ್ದಿದ್ದಾಗ ಬಾಲನ್ನ ದೂರ ಒದ್ದು ಎದುರು ಟೀಮಿಗೆ ಕೊಡೋನು) ಸರಾಸರಿ 46 ಯಾರ್ಡ್, ಅದನ್ನ ನೋಡಿ ನನ್ನ ರೂಂಮೇಟ್ ಇವ್ನ ಥರ ಇನ್ನೊಬ್ಬ ಇಲ್ಲ ಅಂತಾನೆ. ನಂಗೆ ನೋಡಿದ್ರೆ ಪ್ರತಿ ಸಲ ಎದುರು ಟೀಮಿನವ್ರು ಬಾಲ್ ಹಿಡ್ಕೊಂಡು ಆರಾಮಾಗಿ ಓಡಿ ಬರ್ತಾರೆ. ತುಂಬಾ ವರ್ಷದಿಂದ ನೋಡ್ತಿರೋರು ಏನನ್ನ ನೋಡ್ತೀರ, ದಯವಿಟ್ಟು ಹೇಳಿ.

ಉತ್ತರ, ಅಯೋವಾ ಸಿಟಿಯಿಂದ:
ನಿಮ್ಮ ಕಣ್ಣಿಗೆ ಕಂಡಿದ್ದೇ ಸರಿ ಇರ್ಬೋದು. ಆ 46 ಅನ್ನೋದು ಗ್ರಾಸ್, ಅಂದ್ರೆ ಸ್ಕ್ರಿಮೇಜ್ ಲೈನಿಂದ (ಆಟ ಶುರುವಾಗೋವಾಗ ಬಾಲ್ ಇಟ್ಟಿರೋ ಗೆರೆ) ಬಾಲ್ ಎಷ್ಟು ದೂರ ಹೋಯ್ತು ಅಷ್ಟೇ. ಅದ್ರಲ್ಲಿ ರಿಟರ್ನ್ ಯಾರ್ಡ್ (ಹಿಡಿದೋನು ವಾಪಸ್ ಓಡಿ ಬಂದ ದೂರ) ಕಳೀರಿ, ಟಚ್‌ಬ್ಯಾಕ್ ಆದ್ರೆ, ಅಂದ್ರೆ ಬಾಲ್ ಗೋಲ್ ಲೈನ್ ಹಿಂದಿನ ಎಂಡ್ ಝೋನಿಗೆ ಹೋದ್ರೆ, 20 ಕಳೀರಿ, ಉಳಿಯೋದು ನೆಟ್. ಒಬ್ಬ 52 ಯಾರ್ಡ್ ಒದ್ದ ಅನ್ಕೊಳ್ಳಿ, ಬಾಲ್ ಕೆಳಗೇ ಹೋಯ್ತು, ಹಿಡಿದೋನು 18 ಯಾರ್ಡ್ ಓಡಿ ಬಂದ, ಉಳಿದಿದ್ದು 34. ಇನ್ನೊಬ್ಬ 43 ಒದ್ದ, ಬಾಲ್ ಆಕಾಶಕ್ಕೆ ಹೋಯ್ತು, ಕೆಳಗೆ ನಿಂತೋನು ಓಡಲ್ಲ ಅಂತ ಕೈ ಎತ್ತಿ ಫೇರ್ ಕ್ಯಾಚ್ ತಗೊಂಡ, 43ಕ್ಕೆ 43 ಉಳೀತು. ಪಟ್ಟಿ ನೋಡಿದ್ರೆ ಮೊದಲನೇವ್ನೇ ದೊಡ್ಡೋನು!

ಎಲ್ಲಿಂದ ಒದ್ದ ಅನ್ನೋದೂ ಅಷ್ಟೇ ಮುಖ್ಯ. ಎದುರಾಳಿ 45ನೇ ಯಾರ್ಡ್ ಲೈನಿಂದ (ಅವರ ಗೋಲ್ ಲೈನಿಗೆ 45 ಯಾರ್ಡ್ ದೂರ) ಒದ್ದು ಬಾಲ್ ಎಂಡ್ ಝೋನಿಗೆ ಹೋದ್ರೆ ಗ್ರಾಸ್ 45, ನೆಟ್ 25. ಅದೇ ಜಾಗದಿಂದ ಮೆತ್ತಗೆ 36 ಒದ್ದು 9ನೇ ಯಾರ್ಡಲ್ಲಿ ನಿಲ್ಸಿದ್ರೆ ಅವನ ಸರಾಸರಿ ಇಳಿಯುತ್ತೆ, ಆದ್ರೆ ಟೀಮಿಗೆ ಬೇಕಾಗಿದ್ದು ಅದೇ ಅಲ್ವಾ.

ನಮ್ಮ ಅಯೋವಾ ಪಂಟರ್ ಟೋರಿ ಟೇಲರ್ 2023ರಲ್ಲಿ 93 ಪಂಟ್, 4,479 ಯಾರ್ಡ್, ಒಟ್ಟು ಪಂಟ್ ಯಾರ್ಡಲ್ಲಿ 1938ರಿಂದ ನಿಂತಿದ್ದ ಸೀಸನ್ ದಾಖಲೆ ಮುರಿದ, ಅತ್ಯುತ್ತಮ ಕಾಲೇಜ್ ಪಂಟರಿಗೆ ಕೊಡೋ ರೇ ಗೈ ಪ್ರಶಸ್ತಿನೂ ಬಂತು. ಆದ್ರೆ ಆ 4,479 ಹೇಳೋದು ನಮ್ಮ ಆಫೆನ್ಸ್ ಎಷ್ಟು ಕೆಟ್ಟದಾಗಿತ್ತು ಅನ್ನೋದನ್ನ, ಬಾಲ್ ಮುಂದಕ್ಕೇ ಹೋಗ್ತಿರ್ಲಿಲ್ಲ, ಮತ್ತೆ ಮತ್ತೆ ಅವನೇ ಬರ್ಬೇಕಿತ್ತು. ಅವನ ದೊಡ್ಡತನ ನಂಗೆ ಕಂಡಿದ್ದು ಬೇರೆ ಕಡೆ: ಮಧ್ಯ ಮೈದಾನದಿಂದ ಒದ್ರೆ ಬಾಲ್ ಗಿರಗಿರ ಹಿಮ್ಮುಖವಾಗಿ ಸುತ್ತುತ್ತಾ ಬಂದು ಗೋಲ್ ಲೈನ್ ಹತ್ರ ಬಿದ್ದು, ಮುಂದಕ್ಕೆ ಉರುಳೋ ಬದ್ಲು ನೆಟ್ಟಗೆ ಮೇಲಕ್ಕೋ ಹಿಂದಕ್ಕೋ ಪುಟಿಯೋದು, ಅಷ್ಟರಲ್ಲಿ ನಮ್ಮ ಹುಡುಗ್ರು ಓಡಿ ಬಂದು ಹಿಡ್ಕೊಂಡಿರೋರು. ಮೆಲ್ಬೋರ್ನಿಂದ ಬಂದೋನು, ಆಸ್ಟ್ರೇಲಿಯನ್ ಫುಟ್ಬಾಲ್ ಒದ್ದು ಬೆಳೆದ ಕಾಲು ಅದು. ಟಾಮ್ ಹ್ಯಾಕೆಟ್, ಮೈಕೆಲ್ ಡಿಕ್ಸನ್ ಥರದ ಪಂಟರ್‌ಗಳೆಲ್ಲಾ ಆಸ್ಟ್ರೇಲಿಯಾದಿಂದ ಅದೇ ದಾರೀಲಿ ಬಂದೋರು.

ಉತ್ತರ, ಹೈಸ್ಕೂಲ್ ಪಂಟರ್ ಒಬ್ಬನ ತಾಯಿ:
ಫೋನಿನ ಸ್ಟಾಪ್‌ವಾಚ್ ತಗೊಳ್ಳಿ ಮೊದ್ಲು. ಕಾಲಿಗೆ ಬಾಲ್ ತಾಗಿದ ಸದ್ದಿಗೆ ಒತ್ತಿ, ಹಿಡಿದಾಗ ನಿಲ್ಸಿ. ಅದೇ ಹ್ಯಾಂಗ್ ಟೈಮ್. 45 ಯಾರ್ಡ್ ಹೋದ್ರೆ 4.5 ಸೆಕೆಂಡ್ ಗಾಳೀಲಿ ಇರ್ಬೇಕು, 40 ಹೋದ್ರೆ 4, ಹೆಚ್ಚುಕಮ್ಮಿ ಹಿಂಗೇ ನಮ್ಮ ಕೋಚ್‌ಗಳು ಲೆಕ್ಕ ಹಾಕೋದು. ದೂರ ಹೋಗಿ ಟೈಮ್ ಕಮ್ಮಿ ಆಯ್ತು ಅಂದ್ರೆ ತನ್ನ ಟೀಮಿನವರನ್ನೇ ಹಿಂದೆ ಬಿಟ್ಟು ಒದ್ದಿದಾನೆ ಅಂತ ಅರ್ಥ.

ಮಗನ ಜೊತೆ ಕ್ಯಾಂಪ್‌ಗಳಿಗೆ ಹೋಗಿ ಹೋಗಿ ಕಲಿತಿದ್ದು ಇನ್ನೊಂದು, ಅವನ ಬೆಸ್ಟ್ ಒದೆತ ನೋಡ್ಬೇಡಿ, ಹತ್ತು ಒದ್ದ ಮೇಲೆ ಅದ್ರಲ್ಲಿ ಕೆಟ್ಟ ಮೂರು ಯಾವುದು ಅಂತ ನೋಡಿ. ಒಂದು ಕ್ಯಾಂಪಲ್ಲಿ ಒಬ್ಬ ಹುಡುಗ 60 ಯಾರ್ಡ್ ಒದ್ದ, ಎಲ್ರೂ ಚಪ್ಪಾಳೆ, ಮುಂದಿನದು ಕಾಲಿನ ಬದಿಗೆ ತಾಗಿ 22 ಯಾರ್ಡಲ್ಲಿ ಸೈಡ್‌ಲೈನ್ ದಾಟ್ತು. ನನ್ನ ಮಗನಿಗೂ ಆಗ ಅದೇ ತೊಂದ್ರೆ, ಬಾಲ್ ಕೈಬಿಡೋವಾಗ ಅದ್ರ ಮೂತಿ ಒಂಚೂರು ಒಳಗೆ ತಿರುಗೋದು. ಒಂದು ಚಳಿಗಾಲ ಪೂರ್ತಿ ಗ್ಯಾರೇಜಲ್ಲಿ ಒದೀದೆ ಬರೀ ಬಾಲ್ ಕೈಬಿಡೋದನ್ನೇ ಮಾಡ್ದ, ಸಾವಿರಾರು ಸಲ. ಅದ್ಕೇ ಈಗ ನಾನು ಟಿವೀಲಿ ಕಾಲು ನೋಡೋದೇ ಇಲ್ಲ, ಕೈ ನೋಡ್ತೀನಿ.

ಆಮೇಲೆ ಸ್ನ್ಯಾಪ್ (ಮುಂದೆ ಇರೋನು ಕಾಲಿನ ಸಂದಿಯಿಂದ ಬಾಲನ್ನ ಹಿಂದಕ್ಕೆ ಎಸೆಯೋದು) ಆಗಿ ಒದೆಯೋವರೆಗೆ ಸುಮಾರು 2 ಸೆಕೆಂಡ್ ಅಷ್ಟೇ ಇರೋದು. 15 ಯಾರ್ಡ್ ಹಿಂದೆ ನಿಂತಿರ್ತಾನೆ, ಸ್ನ್ಯಾಪ್ ಮೊಣಕಾಲಿಗೆ ಬಂದ್ರೂ ಒದೀಲೇಬೇಕು. ಕೆಟ್ಟ ಸ್ನ್ಯಾಪಿಗೂ 40 ತೆಗೆಯೋನು ನನ್ ಲೆಕ್ಕದಲ್ಲಿ ಒಳ್ಳೆ ಪಂಟರ್.

ಉತ್ತರ, ಕೊಲರಾಡೋ:
ಊರು ಯಾವುದು ಅಂತಾನೂ ನೋಡಿ. ನಮ್ಮ ಕಡೆ ಗಾಳಿ ತೆಳು, ಪಕ್ಕದ ವಯೋಮಿಂಗ್‌ನ ಲಾರಮಿ ಸ್ಟೇಡಿಯಂ 7,220 ಅಡಿ ಎತ್ತರ, ಅಲ್ಲಿ ಬಾಲ್ ತಾನಾಗೇ ನಾಲ್ಕು ಹೆಜ್ಜೆ ಜಾಸ್ತಿ ಹೋಗುತ್ತೆ. ಹೊರಗಿನ ಊರಿನ ಮ್ಯಾಚ್‌ಗಳನ್ನ ಬೇರೆ ಮಾಡಿ ಲೆಕ್ಕ ಹಾಕಿ. ನೆಟ್ ಕಮ್ಮಿ ಅಂತ ಪೂರ್ತಿ ಅವನ ಮೇಲೇ ಹಾಕ್ಬೇಡಿ, ಓಡಿ ಹೋಗಿ ಬಾಲ್ ಹಿಡಿದೋನನ್ನ ಟ್ಯಾಕಲ್ ಮಾಡೋದು (ಕೆಡವೋದು) ಉಳಿದ ಹತ್ತು ಜನ.

ಪ್ರಶ್ನೆ ಕೇಳಿದವರು:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಶನಿವಾರ ಸ್ಟಾಪ್‌ವಾಚ್ ಹಿಡ್ಕೊಂಡೇ ಕೂತಿದ್ದೆ. ಐದು ಪಂಟ್: 3.8, 4.4, 3.7, 4.1, 3.6. ಆ 4.4 ಒಂದೇ ಫೇರ್ ಕ್ಯಾಚ್ ಆಗಿದ್ದು. ರೂಂಮೇಟಿಗೆ ತೋರ್ಸಿದೆ, ಮುಂದಿನ ವಾರ ನಾನೇ ಒತ್ತೀನಿ ಕೊಡು ಅಂತ ಫೋನ್ ಕೇಳಿದಾನೆ.